ಕುಂಞಾಲಿಯ ಬೆನ್ನುನೋವು

ಕುಂಞಾಲಿಯ ಫೋನಿಗೆ ಆ ಆ್ಯಪ್ ಹಾಕಿಕೊಟ್ಟವನು ರೂಮಿನ ಇಮ್ತಿಯಾಜ್. "ನೀವು ಎಲ್ಲಿಗೆ ಹೋದ್ರೂ ಹತ್ತಿರ ಯಾರಿದ್ದಾರೆ, ಎಲ್ಲಿ ಊಟ ಒಳ್ಳೇದುಂಟು, ಎಲ್ಲ ಅದೇ ಹೇಳ್ತದೆ ಕಾಕ" ಎಂದಿದ್ದ. ಕುಂಞಾಲಿ ಎಲ್ಲಿದ್ದಾನೆಂದು ಉಳಿದವರಿಗೂ ಅದು ಹೇಳುತ್ತದೆ ಎಂಬುದನ್ನು ಮಾತ್ರ ಹೇಳಿರಲಿಲ್ಲ.

ಮಂಗಳವಾರ ಬೆಳಿಗ್ಗೆ ದುಬೈಯ ದೇರಾದಲ್ಲಿದ್ದ ತನ್ನ ಕಾರ್ಗೋ ಆಫೀಸಿಗೆ ಬೆನ್ನುನೋವೆಂದು ರಜೆ ಹೇಳಿ ಅವನು ಅಬುಧಾಬಿಯ ಬಸ್ಸು ಹತ್ತಿದ. ಎಲೆಕ್ಟ್ರಾ ಸ್ಟ್ರೀಟಿನ ಕಂಪೆನಿಯೊಂದರಲ್ಲಿ ಹನ್ನೊಂದಕ್ಕೆ ಇಂಟರ್‌ವ್ಯೂ. ಕೆಲಸ ಸಿಕ್ಕಿದರೆ ಹೆಂಡತಿ ಮಿಸ್ರಿಯಾಳನ್ನೂ ಮಗಳು ಮಿನ್ಹಾಳನ್ನೂ ಕರೆಸಿಕೊಳ್ಳುವಷ್ಟು ಸಂಬಳ. ಒಂಬತ್ತು ವರ್ಷದಿಂದ ಅವನು ಮಗಳು ಬೆಳೆಯುವುದನ್ನು ಗಾಜಿನ ತೊಟ್ಟಿಯ ಮೀನು ನೋಡಿದಂತೆ ಫೋನಿನಲ್ಲೇ ನೋಡುತ್ತಿದ್ದ.

ಬಸ್ಸಿಳಿದದ್ದೇ ತಡ, ಫೋನು ಕಿಣಿಗುಟ್ಟಿತು. 'ಅಬುಧಾಬಿಗೆ ಸ್ವಾಗತ! ನಿಮಗೆ ಮೀನೆಂದರೆ ಇಷ್ಟ. ಅಲ್ ಮೀನಾ ಮಾರುಕಟ್ಟೆಗೆ ಹೋಗಿಬನ್ನಿ.' ಹಿಂದೆಯೇ ಇಮ್ತಿಯಾಜನ ಕರೆ.

"ಕಾಕ, ಬರುವಾಗ ಎರಡು ಕಿಲೋ ಅಂಜಲ್ ಮೀನು ತನ್ನಿ."

"ನಾನು ಇಲ್ಲಿರೋದು ನಿನಗೆ ಯಾರು ಹೇಳಿದ್ದು?"

"ಆ್ಯಪ್! ಅದು ಎಲ್ಲರಿಗೂ ಹೇಳಿದೆ."

ಎಲ್ಲರಿಗೂ ಎಂದರೆ ಆಫೀಸಿನ ಕ್ರಿಸ್ಟಿನಾಗೂ. ಅವಳು ಎರಡೇ ನಿಮಿಷದಲ್ಲಿ ಫೋನು ಮಾಡಿದಳು.

"ಬೆನ್ನುನೋವು ಅಂತ ಹೇಳಿದ್ದು ನೀವಲ್ವಾ? ಅಬುಧಾಬಿಯಲ್ಲಿ ಎಂತ ಕೆಲಸ?"

"ಇಲ್ಲಿ... ಎಣ್ಣೆ ಹಾಕಿ ತಿಕ್ಕುವವರೊಬ್ಬರು ಇದ್ದಾರೆ."

"ಹೌದಾ! ನನ್ನ ಗಂಡನ ಸೊಂಟವೂ ಹಿಡಿದಿದೆ. ಅವರ ನಂಬರ್ ಕಳಿಸಿ ಆಯ್ತಾ?"

ಆ್ಯಪನ್ನು ಕಿತ್ತುಹಾಕಲು ಹೋದರೆ, ಹೋಗುವ ಮೊದಲು ಎಷ್ಟು ನಕ್ಷತ್ರ ಕೊಡುತ್ತೀರೆಂದು ಅದು ಕೇಳಿತು. ಅಷ್ಟರಲ್ಲಿ ಇಂಟರ್‌ವ್ಯೂಗೆ ಹೊತ್ತಾಯಿತು. ಕಂಪೆನಿಯ ಸೋಫಾದಲ್ಲಿ ಕೂರುತ್ತಿದ್ದಂತೆ ಇನ್ನೊಂದು ಸಂದೇಶ: 'ನಿಮ್ಮ ಪರಿಚಯದ ನಾರ್ಬರ್ಟ್ ಪಾಯ್ಸ್ ಹದಿನೈದು ಮೀಟರ್ ದೂರದಲ್ಲಿದ್ದಾರೆ. ಒಟ್ಟಿಗೆ ಚಹಾ ಕುಡಿಯಬಾರದೇ?'

ಪಾಯ್ಸ್ ಅವನ ಮ್ಯಾನೇಜರ್! ಹಿಡಿಯಲು ಬಂದಿದ್ದಾನೆ ಎಂದು ಕುಂಞಾಲಿ ಟಾಯ್ಲೆಟ್ಟಿಗೆ ಓಡಿದ. ಅಲ್ಲಿ ಕನ್ನಡಿಯ ಮುಂದೆ, ಹೊಸ ಟೈ ಕಟ್ಟಿಕೊಂಡು, ಬಯೊಡೇಟಾದ ಫೈಲನ್ನು ಕಂಕುಳಲ್ಲಿ ಅವುಚಿಕೊಂಡು ಪಾಯ್ಸ್ ನಿಂತಿದ್ದ.

ಇಬ್ಬರೂ ಒಬ್ಬರನ್ನೊಬ್ಬರು ಕಳ್ಳಬೆಕ್ಕುಗಳಂತೆ ನೋಡಿಕೊಂಡರು.

"ನೀವೂನಾ ಸರ್?"

"ಎಂತ ಮಾಡೋದು ಮಾರಾಯ. ಕಸ್ಟಮ್ಸಿಗೆ ಹೋಗ್ತೇನೆ ಅಂತ ಹೇಳಿ ಬಂದದ್ದು. ನೀನು ನನ್ನನ್ನು ನೋಡ್ಲಿಲ್ಲ, ನಾನು ನಿನ್ನನ್ನು ನೋಡ್ಲಿಲ್ಲ. ಖಲಾಸ್!"

ಕುಂಞಾಲಿಗೆ ಹೋದ ಜೀವ ಬಂದಂತಾಯಿತು. ಇಂಟರ್‌ವ್ಯೂ ಮುಗಿಸಿ ಇಬ್ಬರೂ ಚಹಾ ಕುಡಿದರು. ಪಾಯ್ಸ್ ತನ್ನ ಕಾರಿನಲ್ಲೇ ಅವನನ್ನು ದುಬೈಗೆ ಕರೆತಂದ. ದಾರಿಯುದ್ದಕ್ಕೂ ಮಾಲೀಕ ಸಿದ್ದೀಕ್ ಹಾಜಿಯ ಜುಗ್ಗತನ ಹೇಳಿಕೊಂಡು ನಕ್ಕರು. ಒಂಬತ್ತು ವರ್ಷದಲ್ಲಿ ಪಾಯ್ಸ್ ಅವನ ಹೆಗಲ ಮೇಲೆ ಕೈಯಿಟ್ಟದ್ದು ಅದೇ ಮೊದಲು.

ಸಂಜೆ ಹಾಜಿ ಇಬ್ಬರನ್ನೂ ಕ್ಯಾಬಿನ್ನಿಗೆ ಕರೆಸಿದರು. ಮೇಜಿನ ಮೇಲಿದ್ದ ಅವರ ಫೋನಿನಲ್ಲಿ, ಅದೇ ಆ್ಯಪಿನ ಬೆಳಗ್ಗಿನ ಸಂದೇಶದಲ್ಲಿ, ಇಬ್ಬರ ಹೆಸರೂ ಎಲೆಕ್ಟ್ರಾ ಸ್ಟ್ರೀಟಿನ ಒಂದೇ ಕಟ್ಟಡದಲ್ಲಿ ಕೂತಿದ್ದವು.

"ಇದು ಎಂತ ಕತೆ?"

ಕುಂಞಾಲಿ ಬಾಯಿ ತೆರೆಯುವ ಮೊದಲೇ ಪಾಯ್ಸ್ ಮುಂದೆ ಬಂದ.

"ಇವನ ಮೇಲೆ ನನಗೆ ಮೊದಲೇ ಡೌಟ್ ಇತ್ತು ಹಾಜಿಯವರೇ. ಬೆಳಿಗ್ಗೆ ಹಿಂದೆಯೇ ಹೋದೆ. ಬೇರೆ ಕಂಪೆನಿಯ ಇಂಟರ್‌ವ್ಯೂಗೆ ಕೂತಿದ್ದ. ನನ್ನ ಕಾರಲ್ಲೇ ಹಿಡ್ಕೊಂಡು ಬಂದೆ."

ಹಾಜಿ ಎದ್ದು ಪಾಯ್ಸ್‌ನ ಕೈಕುಲುಕಿದರು. ಕುಂಞಾಲಿಗೆ ವೀಸಾ ಕ್ಯಾನ್ಸಲ್ ಎಂದರು.

ಹೊರಗೆ ಲಿಫ್ಟಿನ ಹತ್ತಿರ ಪಾಯ್ಸ್ ಓಡಿಬಂದು ಮತ್ತೆ ಹೆಗಲ ಮೇಲೆ ಕೈಯಿಟ್ಟ.

"ಬೇಜಾರು ಮಾಡ್ಬೇಡ ಮಾರಾಯ. ನನಗೆ ಹೆಂಡತಿ ಮಕ್ಕಳು ಇಲ್ಲೇ ಇದ್ದಾರೆ, ಸ್ಕೂಲು ಉಂಟು. ನಿನ್ನವರು ಹೇಗೂ ಊರಲ್ಲೇ ಅಲ್ವಾ?"

ಹೌದೆಂದು ಕುಂಞಾಲಿ ತಲೆಯಾಡಿಸಿದ.