ರಸ್ತೆಗೆ ಬೆನ್ನು ಮಾಡಿದ ತೋಟ

ನಮ್ಮ ಕಾಕಾ ನೆಲದ ಮೇಲೆ ಮಲಗಿ ನೋಡದೆ ಒಂದು ಗಿಡವನ್ನೂ ಕೊಳ್ಳುವುದಿಲ್ಲ ಎಂದರೆ ನಂಬುತ್ತೀರಾ? ನಂಬದಿದ್ದರೆ ಹಲಬರ್ಗಾದ ನರ್ಸರಿಯವನನ್ನು ಕೇಳಿ! ಗುಲಾಬಿ ಕುಂಡದ ಮುಂದೆ ಕಾಕಾ ಮಗ್ಗುಲಾಗಿ ಮಲಗಿದ್ದನ್ನು ಕಂಡು, ಫಿಟ್ಸ್ ಬಂತೆಂದು ಆತ ಓಡಿಬಂದು ಮೂಗಿಗೆ ಈರುಳ್ಳಿ ಹಿಡಿದನಂತೆ.

"ಉಳ್ಳಾಗಡ್ಡಿ ಬಾಜೂಕ ಸರಸಪಾ, ಹೂ ಕಾಣ್ವಲ್ದು!" ಎಂದರಂತೆ ಕಾಕಾ.

ಇವರು ಭಾಲ್ಕಿಯಲ್ಲಿ ಡ್ರಾಯಿಂಗ್ ಮಾಸ್ತರರಾಗಿ ನಿವೃತ್ತರಾದವರು. ವಿಕ್ಟೋರಿಯಾ ರಾಣಿಯ ಕಾಲದ ಯಾವನೋ ಇಂಗ್ಲಿಷ್ ಚಿತ್ರಕಾರ ತೋಟಗಳನ್ನೂ ರೂಪಿಸುತ್ತಿದ್ದನೆಂದು ಎಲ್ಲೋ ಓದಿದ್ದೇ ತಡ, ಅಂಗಳ ಅಗೆಯತೊಡಗಿದರು. ಅದೂ ಯಾವಾಗ? ಅವರ ಹೆಂಡತಿ, ನಮ್ಮ ಕಾಕು, ಸೊಂಟ ಮುರಿದುಕೊಂಡು ಮಲಗಿದ್ದಾಗ! ಬೀದರಿನಲ್ಲಿ ನರ್ಸ್ ಆಗಿ ಎಷ್ಟೋ ರೋಗಿಗಳನ್ನು ಎಬ್ಬಿಸಿ ನಡೆಸಿದ ಕಾಕು, ಆಪರೇಷನ್ ಆದ ಮೇಲೆ ತಾವೇ ಏಳಲು ಒಲ್ಲೆ ಎಂದಿದ್ದರು. ಮನಸ್ಸು ಮಾಡಿದರೆ ನಡೆಯಬಹುದು, ಇಲ್ಲದಿದ್ದರೆ ಹಾಸಿಗೆಯೇ ಗತಿ ಎಂದು ಡಾಕ್ಟರು ಹೇಳಿದರೂ ಗೋಡೆಗೆ ಮುಖ ಮಾಡಿದವರು ಇತ್ತ ತಿರುಗಲಿಲ್ಲ. ಇಂಥ ಹೊತ್ತಿನಲ್ಲಿ ತೋಟವೇ? ನನಗೆ ಸಿಟ್ಟೇ ಬಂದಿತ್ತು.

ಕಾಕಾನ ಪದ್ಧತಿ ಇಷ್ಟೇ: ಮೊದಲು ಚಿತ್ರ, ಆಮೇಲೆ ಗಿಡ. ನುಗ್ಗೆ ಚಿತ್ರಕ್ಕಿಂತ ಎತ್ತರ ಬೆಳೆದರೆ ತಪ್ಪು ನುಗ್ಗೆಯದೇ! ಪಕ್ಕದ ಮನೆಯ ಎಮ್ಮೆ ನುಗ್ಗಿ ದಾಸವಾಳ ಮೇಯ್ದಾಗ ಮಾತ್ರ ಬೈಯಲಿಲ್ಲ. "ನಿಂತ ಜಾಗಾ ಛಲೋ ಅದ" ಎಂದು ಅದನ್ನೂ ಚಿತ್ರಕ್ಕೆ ಸೇರಿಸಿದರು. ಈಗ ಅದು ದಿನಾ ಸಂಜೆ ಅಲ್ಲೇ ನಿಲ್ಲಲೆಂದು ಹತ್ತಿಕಾಳಿನ ಲಂಚ ಕೊಡುತ್ತಾರೆ.

ಇಷ್ಟಾಗಿಯೂ ರಸ್ತೆಯಿಂದ ನೋಡಿದರೆ ಕಾಣುವುದು ಬರೀ ಕಾಂಡ, ಆಸರೆಯ ಕೋಲು, ಕಟ್ಟಿದ ಸುತಳಿ. ಹೂವೆಲ್ಲ ಒಳಮುಖ!

"ಯಾಕ್ರಿ ಕಾಕಾ, ತೋಟ ರಸ್ತಿಗಿ ಬೆನ್ನು ಮಾಡೇದ?"

"ರಸ್ತಿ ಮಂದಿಗಿ ನಾ ಯಾಕ ತೋಟ ಮಾಡ್ಲಿ?"

ಮತ್ತೆ ಯಾರಿಗೆ? ತಲೆ ಕೆರೆದುಕೊಳ್ಳುತ್ತ ಒಳಗೆ ಹೋದೆ. ಕಾಕು ಕಿಟಕಿಯ ಕಡೆ ತಿರುಗಿ ಮಲಗಿದ್ದರು! ಏನು ನೋಡುತ್ತಿದ್ದಾರೆಂದು ಬಗ್ಗಿ, ಅವರ ದಿಂಬಿನ ಮಟ್ಟಕ್ಕೆ ತಲೆ ತಂದೆ. ಕಿಟಕಿಯ ಚೌಕಟ್ಟಿನೊಳಗೆ ಗುಲಾಬಿ, ದಾಸವಾಳ, ನುಗ್ಗೆ, ಎಮ್ಮೆ. ಕಾಕಾನ ಚಿತ್ರ, ಇದ್ದ ಹಾಗೆಯೇ! ನೆಲದ ಮೇಲೆ ಮಲಗಿ ಗಿಡ ಆರಿಸಿದ್ದು ಯಾಕೆಂದು ಆಗ ತಿಳಿಯಿತು.

ಕಾಕಾ ಕೈಯಲ್ಲಿ ಕುಂಚ ಹಿಡಿದೇ ಬಾಗಿಲಿಗೆ ಬಂದರು. ಕಾಕು ಅವರತ್ತ ನೋಡಿ ಕೇಳಿದರು:

"ಇದು ಆ ಕಡಿಂದ ಹ್ಯಾಂಗ ಕಾಣ್ತದರಿ? ನಾ ನೋಡ್ಬೇಕು. ಆ ವಾಕರ್ ತರ್ರಿ."

ಕಾಕಾನ ಮುಖ ಬಿಳಿಚಿಕೊಂಡಿತು. "ಜರಾ ತಡಿ... ಆ ಕಡಿದು ನಾ ಇನ್ನ ಬರ್ದಿಲ್ಲ!" ಎನ್ನುತ್ತಲೇ ವಾಕರ್ ತರಲು ಓಡಿದರು, ಕಣ್ಣು ಒರೆಸಿಕೊಳ್ಳುವುದನ್ನೂ ಮರೆತು.