ಸೊಳ್ಳೆಗಳಿಗೆ ದಾಸೋಹ

ಪ್ರಾಣಿ ಸಾಕುವವರಿಗೆ ಲೋಕದಲ್ಲಿ ಒಂದು ಮರ್ಯಾದೆ ಇದೆ. ಹಸು ಸಾಕಿದವರ ಮನೆಗೆ ಬೆಳಗಾಗುವುದೇ ತಡ, ಚೊಂಬು ಹಿಡಿದು ನಾಲ್ಕು ಜನ ಬರುತ್ತಾರೆ. ನಾಯಿ ಸಾಕಿದವರ ಗೇಟಿನ ಮುಂದೆ ಎಂಥವನೂ ವಿನಯದಿಂದ ನಿಂತು ಕೂಗುತ್ತಾನೆ. ನಾನು ಸಾಕಿದ್ದು ಸೊಳ್ಳೆ. ಒಂಟಿಕೊಪ್ಪಲಿನಲ್ಲಿ ಯಾರ ಮನೆಯ ಮಗುವಿನ ಕೆನ್ನೆಯ ಮೇಲೆ ಗುಳ್ಳೆ ಎದ್ದರೂ ಅದರ ತಾಯಿ ನಮ್ಮ ಮನೆಯ ಕಡೆ ತಿರುಗಿ ನೋಡುತ್ತಿದ್ದಳು. ಎದುರು ಮನೆಯ ನಿವೃತ್ತ ಅಮಲ್ದಾರರಂತೂ, "ಮೇಷ್ಟ್ರೇ, ನಿಮ್ಮದೊಂದು ನಿನ್ನೆ ಸಂಜೆ ನಮ್ಮ ಮನೇಗೆ ಬಂದಿತ್ತು ಕಣ್ರೀ" ಎಂದು, ತಪ್ಪಿಸಿಕೊಂಡ ಕರುವಿನ ಸುದ್ದಿ ಹೇಳುವ ಹಾಗೆ ಹೇಳುತ್ತಿದ್ದರು. ನನ್ನ ಸೊಳ್ಳೆಗಳು ಪಂಜರ ಬಿಟ್ಟು ಹೊರಗೆ ಬರುವುದಿಲ್ಲ ಎಂದು ಎಷ್ಟು ಹೇಳಿದರೂ ಅವರು ನಂಬಲಿಲ್ಲ. ಮಕ್ಕಳ ವಿಷಯದಲ್ಲಿ ಎಲ್ಲ ತಂದೆಯರೂ ಹಾಗೇ ಹೇಳುತ್ತಾರಂತೆ.

ನಾನು ಕಾಲೇಜಿನಲ್ಲಿ ಪ್ರಾಣಿಶಾಸ್ತ್ರದ ಮೇಷ್ಟ್ರು. ಪಾಠದ ಜೊತೆಗೆ ಪರೋಪಜೀವಿಗಳ ಮೇಲೆ ಸಂಶೋಧನೆ ನಡೆಸುತ್ತಿದ್ದೆ. ಪರೋಪಜೀವಿ ಎಂದರೇನೆಂದು ಒಮ್ಮೆ ಅಮಲ್ದಾರರು ಕೇಳಿದಾಗ, ಇನ್ನೊಬ್ಬರ ಹೊಟ್ಟೆ ಸೇರಿಕೊಂಡು ಅವರ ಖರ್ಚಿನಲ್ಲೇ ಬದುಕುವ ಜೀವಿ ಎಂದೆ. "ಅಂದ್ರೆ ಅಳಿಯಂದಿರ ವಿಷಯ ಅನ್ನಿ" ಎಂದು ಅವರು ನಶ್ಯ ಏರಿಸಿದರು. ನನ್ನ ಪರೋಪಜೀವಿ ಮಲೇರಿಯಾದ್ದು. ಅದು ಮನುಷ್ಯನ ರಕ್ತದಿಂದ ಸೊಳ್ಳೆಯ ಹೊಟ್ಟೆಗೆ ಹೋಗಿ, ಅಲ್ಲಿ ಬೆಳೆದು, ಮತ್ತೊಬ್ಬ ಮನುಷ್ಯನಿಗೆ ಬರುತ್ತದೆ. ಎಲ್ಲ ಜಾತಿಯ ಸೊಳ್ಳೆಯೂ ಈ ಉಪಕಾರ ಮಾಡುವುದಿಲ್ಲ. ಇಲವಾಲದ ದನದ ಕೊಟ್ಟಿಗೆಗಳಲ್ಲಿ ಸಿಕ್ಕಿದ ಒಂದು ಜಾತಿ ಮಾಡುತ್ತದೋ ಇಲ್ಲವೋ ಎಂಬುದೇ ನನ್ನ ಪ್ರಶ್ನೆ. ಅದು ಗೊತ್ತಾದರೆ ಯಾವ ಊರಿಗೆ ಮೊದಲು ಮದ್ದು ಹೊಡೆಯಬೇಕೆಂಬುದು ಗೊತ್ತಾಗುತ್ತದೆ. ಆ ಸೊಳ್ಳೆಯ ಮೊಟ್ಟೆ ತಂದು, ಮರಿ ಮಾಡಿ, ಮರಿಯ ಮರಿ ಮಾಡಿ, ರೋಗಿಯ ಮುಖವನ್ನೇ ಕಾಣದ ಶುದ್ಧ ವಂಶವೊಂದನ್ನು ಬೆಳೆಸಿದ್ದೆ.

ಅಷ್ಟರಲ್ಲಿ ಡಿಡಿಟಿ ಬಂತು. ಇಲವಾಲದ ಕೊಟ್ಟಿಗೆಗಳ ಗೋಡೆಗಳೆಲ್ಲ ಬೆಳ್ಳಗಾದವು. ಊರಿನ ಜನ ಹಾಯಾಗಿ ಮಲಗಿದರು. ನನಗೂ ಸಂತೋಷವೇ, ಆದರೆ ಮಳೆ ನಿಂತಾಗ ಛತ್ರಿ ರಿಪೇರಿಯವನಿಗೆ ಆಗುವಂಥ ಸಂತೋಷ. ನನ್ನ ಜಾತಿಯ ಸೊಳ್ಳೆ ಆ ಕಡೆ ಬೇಕೆಂದರೂ ಸಿಗದ ಹಾಗಾಯಿತು. ನನ್ನ ಹತ್ತಿರ ಇದ್ದವೇ ಇದ್ದವು. ಕೊನೆಗೆ ಕಾಲೇಜಿಗೂ ಮದ್ದು ಹೊಡೆಯುತ್ತಾರೆಂದು ತಿಳಿದಾಗ ಪಂಜರವನ್ನು ಜಟಕಾದಲ್ಲಿಟ್ಟುಕೊಂಡು ಮನೆಗೆ ತಂದೆ. ಜಟಕಾದವನು ಒಳಗೇನು ಎಂದು ಕೇಳಿದ. ಹೇಳಿದ ಮೇಲೆ ಕುದುರೆಯನ್ನು ಸ್ವಲ್ಪ ಜೋರಾಗಿಯೇ ಓಡಿಸಿದ.

ಪಂಜರವೆಂದರೆ ಮರದ ಚೌಕಟ್ಟಿಗೆ ಸೊಳ್ಳೆಪರದೆ ಹೊಲಿದದ್ದು. ಲೋಕದ ಜನ ಪರದೆಯ ಒಳಗೆ ತಾವು ಮಲಗಿ ಸೊಳ್ಳೆಯನ್ನು ಹೊರಗಿಟ್ಟರೆ, ನಮ್ಮ ಮನೆಯಲ್ಲಿ ಸೊಳ್ಳೆ ಒಳಗೆ, ನಾವು ಹೊರಗೆ. ಒಂದು ಪಕ್ಕದಲ್ಲಿ ಜುಬ್ಬದ ತೋಳಿನಂತೆ ಬಟ್ಟೆಯ ತೋಳು. ಅದರೊಳಗೆ ಕೈ ಹಾಕಿ ಕೂತರೆ ಅವುಗಳ ಊಟ. ಗಂಡು ಸೊಳ್ಳೆ ರಕ್ತ ಮುಟ್ಟುವುದಿಲ್ಲ, ಅದಕ್ಕೆ ನೆನೆಹಾಕಿದ ದ್ರಾಕ್ಷಿ. ಮೊಟ್ಟೆಯಿಡಬೇಕಾದ ಹೆಣ್ಣಿಗೆ ಮಾತ್ರ ರಕ್ತ. ನನ್ನ ಹೆಂಡತಿ ಗಿರಿಜೆ, "ನೋಡಿದ್ರಾ, ಸೊಳ್ಳೆ ಸಂಸಾರದಲ್ಲೂ ಸಿಹಿಯೆಲ್ಲ ಗಂಡಸರಿಗೇ" ಎಂದು, ಪಾಯಸಕ್ಕೆಂದು ತಂದ ದ್ರಾಕ್ಷಿಯ ಡಬ್ಬಿಯನ್ನು ಮೇಲಿನ ಗೂಡಿಗೆ ಏರಿಸಿದಳು.

ಗಿರಿಜೆ ಆಗ ತುಂಬು ಗರ್ಭಿಣಿ. ಬಾಣಂತನಕ್ಕೆ ಕಡಕೊಳದಿಂದ ನಮ್ಮ ಅತ್ತೆಯವರು ನಂಜನಗೂಡಿನ ರೈಲಿನಲ್ಲಿ ಬಂದಿಳಿದರು. ಬಾಣಂತಿಯ ಸಾಮಾನಿನ ಗಂಟು ಬಿಚ್ಚಿ, ಅದರ ತಳದಿಂದ ನನಗೆಂದು ಮಠದ ವಿಭೂತಿ ಗಟ್ಟಿಯೊಂದನ್ನು ತೆಗೆದು ಕೊಟ್ಟರು. ಬಂದಾಗಲೆಲ್ಲ ಕೊಡುತ್ತಿದ್ದರು. ಕಾಲೇಜು ಸೇರಿದಾಗಿನಿಂದ ನನ್ನ ಹಣೆ ಬರಿದು. ಅದನ್ನು ಕುರಿತು ಅವರು ಬಾಯಿಬಿಟ್ಟು ಒಂದು ಮಾತು ಆಡಿದವರಲ್ಲ, ಗಟ್ಟಿ ಕೊಟ್ಟು ಸುಮ್ಮನಾಗುತ್ತಿದ್ದರು. ನಾನೂ ಭಕ್ತಿಯಿಂದ ತೆಗೆದುಕೊಂಡು ಮೇಜಿನ ಡ್ರಾಯರಿನಲ್ಲಿ ಹಳೆಯ ಗಟ್ಟಿಗಳ ಪಕ್ಕದಲ್ಲಿ ಇಡುತ್ತಿದ್ದೆ.

ಹೆಣ್ಣುಮಗು ಹುಟ್ಟಿತು. ತಾಯಿ, ಮಗು ಸುಖವಾಗಿದ್ದರು. ಅತ್ತೆಯವರ ಆಡಳಿತ ಆರಂಭವಾಯಿತು. ಮೊದಲ ದಿನವೇ, ಸೊಳ್ಳೆಮರಿಗಳಿದ್ದ ಬೋಗುಣಿಗಳನ್ನೆಲ್ಲ ಹಿತ್ತಿಲ ಬಾಳೆಯ ಬುಡಕ್ಕೆ ಸುರಿದು, ತೊಳೆದು, ಬೋರಲು ಹಾಕಿದ್ದರು. "ನೀರ್ನಲ್ಲಿ ಉಳ ಬಿದ್ದಿತ್ತು ಅಳಿಯಂದ್ರೇ, ನೀವು ನೋಡ್ಕೊಂಡಿರ್ಲಿಲ್ಲ" ಎಂದರು, ನನ್ನ ಮರ್ಯಾದೆ ಉಳಿಸಿದ ಧಾಟಿಯಲ್ಲಿ. ಹೋಗಲಿ, ಪಂಜರದಲ್ಲಿ ದೊಡ್ಡವು ಇವೆಯಲ್ಲ ಎಂದು ಸಮಾಧಾನ ಮಾಡಿಕೊಂಡೆ. ಮಾರನೆಯ ದಿನ ಬಾಣಂತಿಗೆ ಎಣ್ಣೆನೀರು ಹಾಕಿದರು. ಎಣ್ಣೆನೀರಾದ ಮೇಲೆ ತಾಯಿಗೂ ಮಗುವಿಗೂ ಕೆಂಡದ ಮೇಲೆ ಸಾಂಬ್ರಾಣಿ, ಬೇವಿನ ಎಲೆ, ಬೆಳ್ಳುಳ್ಳಿ ಸಿಪ್ಪೆ ಹಾಕಿ ಹೊಗೆ ಕೊಡುವುದು ನಮ್ಮಲ್ಲಿ ಎಲ್ಲರಿಗೂ ಗೊತ್ತಿರುವುದೇ. ನನಗೂ ಗೊತ್ತಿತ್ತು. ಬಾಣಂತಿಯ ಕೋಣೆಗೂ ಸೊಳ್ಳೆಯ ಕೋಣೆಗೂ ನಡುವೆ ಇರುವುದು ಒಂದೇ ಬಾಗಿಲು, ಅದರ ಕೆಳಗೆ ಕೈ ತೂರುವಷ್ಟು ಸಂದಿ ಎಂಬುದೂ ಗೊತ್ತಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ಬರಲಿಲ್ಲ.

ಸಂಜೆ ನಾನು ಬಂದು ನೋಡಿದಾಗ ಪಂಜರದ ತಳದಲ್ಲಿ ನನ್ನ ಸಂಶೋಧನೆಯೆಲ್ಲ ಕಾಲು ಮೇಲೆ ಮಾಡಿ ಬಿದ್ದಿತ್ತು. ಮೂಲೆಯಲ್ಲಿ ಬೆರಳೆಣಿಕೆಯಷ್ಟು ಹೆಣ್ಣುಗಳು ಪರದೆಗೆ ಅಂಟಿಕೊಂಡು ಕೂತಿದ್ದವು. ಅವು ಹೊಟ್ಟೆ ತುಂಬಿಸಿಕೊಂಡು ಮೊಟ್ಟೆಯಿಟ್ಟರೆ ಉಂಟು, ಇಲ್ಲದಿದ್ದರೆ ಇಲವಾಲದ ಆ ವಂಶಕ್ಕೂ ನನ್ನ ಪ್ರಶ್ನೆಗೂ ಅಲ್ಲಿಗೇ ಮಂಗಳ. ಉಳಿದಿದ್ದ ಹೊಗೆಗೆ ನನಗೆ ಸೀನು ಹತ್ತಿತು. ಅತ್ತೆಯವರು ಬಾಗಿಲ ಮರೆಯಿಂದಲೇ, "ಸೀತ ಆಗ್ಬುಟ್ಟದೆ, ಇದ ಹಚ್ಕೊಳಿ" ಎಂದು ನೀಲಗಿರಿ ಎಣ್ಣೆಯ ಸೀಸೆ ನೀಡಿದರು. ಸೊಳ್ಳೆಯ ಪಂಡಿತನಾದ ನಾನು ಎದೆಗೆ, ಕತ್ತಿಗೆ, ತೋಳಿಗೆಲ್ಲ ಅದನ್ನು ತಿಕ್ಕಿಕೊಂಡು, ಅದೇ ತೋಳನ್ನು ಪಂಜರದೊಳಗೆ ಚಾಚಿ, ಅವು ಯಾಕೆ ಹತ್ತಿರ ಬರುತ್ತಿಲ್ಲವೆಂದು ಯೋಚಿಸುತ್ತಾ ಕೂತೆ. ಹೊಳೆದ ಮೇಲೆ ಬಚ್ಚಲಿಗೆ ಓಡಿ ಸೋಪು ಹಾಕಿ ತೊಳೆದೆ, ಸೀಗೇಪುಡಿ ಹಾಕಿ ಉಜ್ಜಿದೆ. ವಾಸನೆ ಹೋಗಲಿಲ್ಲ.

ದೀಪ ಹಚ್ಚುವ ಹೊತ್ತಾಯಿತು. ಪೂಜೆ ಮುಗಿಸಿ ಬಂದ ಅತ್ತೆಯವರು ಬಾಗಿಲಲ್ಲಿ ನಿಂತರು. ಹಣೆಯಲ್ಲಿ, ಮುಂಗೈಯಲ್ಲಿ ಮೂರು ಮೂರು ಎಳೆ ವಿಭೂತಿ.

"ನನ್ ಹೊಗೆಗೇ ಸತ್ತೋದ್ವಾ ಅಳಿಯಂದ್ರೇ?"

ಉಳಿದಿರುವವು ಇಷ್ಟೇ, ನನ್ನ ಕೈ ಮುಟ್ಟುತ್ತಿಲ್ಲ ಎಂದೆ.

"ಕಚ್ಚುದ್ರೆ ಚಳಿಜ್ವರ ಬತ್ತದಾ?"

"ಇಲ್ಲ ಅತ್ತೆ. ಇವು ಮೊಟ್ಟೆಯಿಂದ ಇಲ್ಲೇ ಬೆಳೆದವು. ಜ್ವರದವರನ್ನ ಕಚ್ಚೇ ಇಲ್ಲ."

"ಅಂಗಾದ್ರೆ ಸರ್ಕೊಳಿ" ಎಂದರು. ನಾನು ಏಳುವಷ್ಟರಲ್ಲಿ ಸ್ಟೂಲಿನ ಮೇಲೆ ಕೂತು ಕೈಯನ್ನು ಬಟ್ಟೆಯ ತೋಳಿನೊಳಗೆ ತೂರಿಸಿಬಿಟ್ಟಿದ್ದರು. ನಾನು ಬೇಡ ಬೇಡ ಎಂದರೆ, "ಸುಮ್ಕಿರಿ. ದಾಸೋಹಕ್ಕೆ ಕುಂತೋರ್ನ ಎಬ್ಬುಸ್ಬಾರ್ದು" ಎಂದರು. ಒಂದು ಸೊಳ್ಳೆ ಬಂದು ಕೂತಿತು. ಇನ್ನೊಂದು ಬಂತು. ವಿಭೂತಿಯ ಎಳೆಗಳನ್ನು ಬಿಟ್ಟು, ನಡುನಡುವಿನ ಜಾಗದಲ್ಲಿ ಪಂಕ್ತಿಗೆ ಕೂತವರ ಹಾಗೆ ಕೂತವು. ಹೊಟ್ಟೆ ಕೆಂಪಗೆ ಉಬ್ಬುವುದನ್ನು ಅತ್ತೆಯವರು ಬಗ್ಗಿ ನೋಡುತ್ತಿದ್ದರು.

"ಗಿರಿಜಂಗಿಂತ ಮುಂಚೆ ನಂಗೊಬ್ಬ ಮಗ ಇದ್ದ" ಎಂದರು. "ಮೂರೊರ್ಸದೋನು. ಚಳಿಜ್ವರದಲ್ಲೇ ಓದ. ಯಾಕ್ ಬಂತು, ಎಲ್ಲಿಂದ್ ಬಂತು ಅಂದ್ರೆ ಒಬ್ರೂ ಏಳ್ಲಿಲ್ಲ, ದೇವರಿಚ್ಛೆ ಅಂದ್ಬುಟ್ರು. ಇದುನ್ನ ಕುಂತ್ಕೊಂಡು ಕೇಳೋರು ಒಬ್ರಿದ್ದಾರಲ್ಲ ನಮ್ಮನೇಲಿ. ಕಚ್ಲಿ ಬುಡಿ."

ನನ್ನ ಕೆಲಸ ಯಾಕೆ ಬೇಕು ಎಂದು ಕಾಲೇಜಿನ ಕಮಿಟಿಯ ಮುಂದೆ ಗಂಟೆಗಟ್ಟಲೆ ಮಾತಾಡಿದ್ದೇನೆ. ಇಷ್ಟು ಚೆನ್ನಾಗಿ ಒಮ್ಮೆಯೂ ಹೇಳಿರಲಿಲ್ಲ. ಕಣ್ಣಿಗೆ ನೀರು ಬಂತು. ತಪ್ಪನ್ನು ನೀಲಗಿರಿ ಎಣ್ಣೆಯ ಮೇಲೆ ಹಾಕಿ ಒರೆಸಿಕೊಂಡೆ.

ಮೂರನೆಯ ಬೆಳಗ್ಗೆ ಪಂಜರದ ಬಟ್ಟಲಿನ ನೀರಿನ ಮೇಲೆ ಮಸಿಯ ಪುಡಿಯಂತೆ ಮೊಟ್ಟೆಗಳು ತೇಲುತ್ತಿದ್ದವು. ನಾನು ನೋಡುವ ಮೊದಲೇ ಅತ್ತೆಯವರು ನೋಡಿ, "ಗಿರಿಜಾ, ಎತ್ವು ಕಣೇ!" ಎಂದು ಅಮಲ್ದಾರರ ಮನೆಗೂ ಕೇಳುವ ಹಾಗೆ ಕೂಗಿದರು. ಅಲ್ಲಿಂದ ಮುಂದೆ ನಮ್ಮ ಮನೆಯಲ್ಲಿ ಎರಡು ಬಾಣಂತನ ನಡೆದವು. ಹೊಗೆ ಹಾಕಬೇಕಾದರೆ ಮಗುವನ್ನು ಜಗಲಿಗೆ ಎತ್ತಿಕೊಂಡು ಹೋಗುತ್ತಿದ್ದರು. ದ್ರಾಕ್ಷಿಯ ಡಬ್ಬಿ ಗೂಡಿನಿಂದ ಕೆಳಗಿಳಿಯಿತು. ಸಂಜೆ ಕೈ ಕೊಡುವ ಕೆಲಸವನ್ನು ನನಗೆ ಮತ್ತೆ ಬಿಟ್ಟುಕೊಡಲೇ ಇಲ್ಲ. ಅಮಲ್ದಾರರ ಹೆಂಡತಿ ಬಂದು ಮೂಗಿನ ಮೇಲೆ ಬೆರಳಿಟ್ಟರೆ, "ನಮ್ ಅಳಿಯಂದ್ರು ಓದ್ತಿರೋದು ಅದುನ್ನೇ ಕಣಮ್ಮ" ಎನ್ನುತ್ತಿದ್ದರು. ಆ ಮೊಟ್ಟೆಗಳ ಮರಿಮಕ್ಕಳಿಂದಲೇ ಮುಂದೆ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಿತು. ಆ ಜಾತಿ ರೋಗ ಹರಡುತ್ತದೆ, ನಿಜ.

ಬಾಣಂತನ ಮುಗಿದು ಅತ್ತೆಯವರು ಹೊರಟರು. ಸ್ಟೇಷನ್ನಿನಲ್ಲಿ ಎರಡು ಒಳ್ಳೆಯ ಮಾತು ಆಡಬೇಕೆಂದು ದಾರಿಯುದ್ದಕ್ಕೂ ಮನಸ್ಸಿನಲ್ಲೇ ಜೋಡಿಸಿಕೊಂಡು ಬಂದಿದ್ದೆ. "ಅತ್ತೆ, ನಿಮ್ಮಿಂದ ದೊಡ್ಡ ಉಪಕಾರವಾಯಿತು" ಎನ್ನುವಷ್ಟರಲ್ಲಿ ಗಾಡಿ ಕೂಗಿತು. ಅವರು ಕಿಟಕಿಯಿಂದ, "ದ್ರಾಕ್ಷಿ ನೆನೆಹಾಕೋದು ಮರೀಬೇಡಿ" ಎಂದರು. ಮಗಳ ಪಥ್ಯದ ಮಾತನ್ನು ಆಮೇಲೆ ಹೇಳಿದರು.

ಅಂದು ಸಂಜೆ ಬಹಳ ದಿನದ ಮೇಲೆ ನಾನೇ ಕೈ ಹಾಕಿ ಕೂತೆ. ಒಂದೂ ಬರಲಿಲ್ಲ. ನೀಲಗಿರಿ ಎಣ್ಣೆಯ ವಾಸನೆ ಹೋಗಿ ವಾರಗಳೇ ಆಗಿದ್ದವು. ಅಜ್ಜಿ ಊರಿಗೆ ಹೋದ ದಿನ ಅಪ್ಪನ ಕೈತುತ್ತಿಗೆ ಬಾಯಿ ತೆರೆಯದ ಮಕ್ಕಳ ಹಾಗೆ ಮೂಲೆ ಸೇರಿದ್ದವು. ಕೈ ಹೊರಗೆ ತೆಗೆದೆ. ಆ ಕಡೆ ಈ ಕಡೆ ನೋಡಿದೆ. ಡ್ರಾಯರು ತೆರೆದು, ವಿಭೂತಿ ಗಟ್ಟಿ ಒದ್ದೆ ಮಾಡಿ, ಮುಂಗೈಗೆ ಮೂರೆಳೆ ಎಳೆದುಕೊಂಡು ಮತ್ತೆ ಒಳಗೆ ಹಾಕಿದೆ. ಸ್ವಲ್ಪ ಹೊತ್ತಿಗೆಲ್ಲ ಬಂದು ಕೂತವು. ಇದಕ್ಕೆ ಸರಿಯಾದ ವೈಜ್ಞಾನಿಕ ಕಾರಣವಿದೆ. ಮೊದಲ ಸಲ ಕೋಣೆಯಲ್ಲಿ ಇನ್ನೂ ಬೆಳಕಿತ್ತು, ಆಮೇಲೆ ಕತ್ತಲಾಯಿತು, ಅಷ್ಟೆ. ಹಾಗೆಂದು ನನಗೆ ನಾನೇ ವಿವರಿಸಿಕೊಳ್ಳುತ್ತಿದ್ದಾಗ ಮಗುವನ್ನು ಎತ್ತಿಕೊಂಡ ಗಿರಿಜೆ ಬಾಗಿಲಲ್ಲಿ ನಿಂತಿದ್ದಳು.

"ರೀ, ಹಣೆಗೂ ಇಡ್ತೀನಿ, ಬಗ್ಗಿ" ಎಂದಳು.

ನನ್ನ ಕೈಯಲ್ಲಿ ಪಂಕ್ತಿ ಕೂತಿತ್ತು, ಏಳುವ ಹಾಗಿರಲಿಲ್ಲ. ಕೂತಲ್ಲೇ ಹಣೆ ಒಡ್ಡಿದೆ.