ಲೋಳೆಗೆ ಬದ್ಧವೈರಿ ನಮ್ಮ ಚಿಗವ್ವ

ನಮ್ಮ ಚಿಗವ್ವನಿಗೆ ಹೆದರದ ಕ್ರಿಮಿ ಗದಗ ಜಿಲ್ಲೆಯಲ್ಲಿ ಇರಲಿಕ್ಕಿಲ್ಲ. ಇದ್ದರೂ ಅದು ಇಷ್ಟೊತ್ತಿಗೆ ಪಕ್ಕದ ಜಿಲ್ಲೆಗೆ ವರ್ಗ ಮಾಡಿಸಿಕೊಂಡಿರಬೇಕು!

ಅವ್ವನ ತಂಗಿಯಾದ ಈಕೆ ಮುಂಡರಗಿ, ಶಿರಹಟ್ಟಿಗಳಲ್ಲಿ ಆಪರೇಷನ್ ಕೋಣೆಯ ನರ್ಸ್ ಆಗಿ ದುಡಿದು, ಗದಗ ಹೊಸ ಜಿಲ್ಲೆಯಾದಾಗ ಅಲ್ಲಿಗೆ ಬಂದು ಅಲ್ಲೇ ನಿವೃತ್ತಳಾದಳು. ಕೊಯ್ಯುವ ಮೊದಲು ರೋಗಿಯ ಚರ್ಮಕ್ಕೆ ಕಂದು ಔಷಧ ಹಚ್ಚುವುದು ಅವಳ ಕೆಲಸ. ಹಚ್ಚಿದ್ದು ತಾನಾಗಿ ಒಣಗುವವರೆಗೆ ಡಾಕ್ಟರರ ಕೈಗೆ ಚಾಕು ಕೊಡುತ್ತಿರಲಿಲ್ಲವಂತೆ. ಅವರು ಚಡಪಡಿಸಿದರೆ, "ಔಷಧಕ್ಕ ಗಡಿಯಾರ ನೋಡಾಕ ಬರಂಗಿಲ್ರಿ ಸರ್" ಎನ್ನುತ್ತಿದ್ದಳು.

ನಿವೃತ್ತಿಯಾದ ಮೇಲೆ ರೋಗಿಗಳು ಎಲ್ಲಿ ಸಿಗಬೇಕು? ನಮ್ಮ ಬೆಟಗೇರಿ ಮನೆಯ ನೀರಿನ ಬ್ಯಾರಲ್ ಸಿಕ್ಕಿತು. ಹದಿನೈದು ದಿನಕ್ಕೊಮ್ಮೆ ನಳ ಬರುವ ಊರಿನಲ್ಲಿ ಬ್ಯಾರಲ್ಲಿನ ಒಳಗೆ ಲೋಳೆ ಕಟ್ಟುವುದು ಸಹಜವಲ್ಲವೇ? ನಾನು ಒಂದಿಷ್ಟು ಬ್ಲೀಚಿಂಗ್ ಪುಡಿ ಸುರಿದು ಕೆಲಸ ಮುಗಿಯಿತೆಂದೆ. ಚಿಗವ್ವ ಒಳಗೆ ಬೆರಳಾಡಿಸಿ ಅದನ್ನು ನನ್ನ ಮೂಗಿನ ಮುಂದೆ ಹಿಡಿದಳು.

"ಲೇ ತಮ್ಮಾ, ಇದು ಕ್ರಿಮಿ ಕಟ್ಟಿಕೊಂಡ ವಾಡೇ, ಕ್ವಾಟಿ ಇದ್ದಂಗ. ನಿನ್ನ ಪುಡಿ ಅಗಸಿ ಬಾಗಲಾ ಬಡದು ಹೊಳ್ಳಿ ಬಂದೈತಿ. ಒಳಗಿನವು ಆರಾಮ ಮಲಗ್ಯಾವು. ಮೊದಲ ತಿಕ್ಕು, ಆಮ್ಯಾಲ ಔಷಧ."

ತಿಕ್ಕಿದೆ. ನನ್ನ ಪದವಿ, ನೌಕರಿ, ಇಬ್ಬರು ಮಕ್ಕಳ ತಂದೆಯೆಂಬ ಗೌರವ ಎಲ್ಲವೂ ತಲೆಕೆಳಗಾಗಿ ಬ್ಯಾರಲ್ಲಿಗೆ ಇಳಿದವು!

ಹೋದ ವರ್ಷ ಅವ್ವನ ಮೊಣಕಾಲಿಗೆ ಲೋಹದ ಕೀಲು ಕೂಡಿಸುವುದೆಂದಾಯಿತು. ಚಿಗವ್ವನ ನಗು ಅಂದೇ ಅರ್ಧ ಇಳಿಯಿತು. ಕೀಲಿನ ಮೇಲೆ ಲೋಳೆ ಕಟ್ಟಿದರೆ ಗುಳಿಗೆ, ಇಂಜೆಕ್ಷನ್ ಯಾವುದೂ ನೆಟ್ಟಗೆ ನಾಟುವುದಿಲ್ಲ, ಕಡೆಗೆ ಕೀಲನ್ನೇ ಕಿತ್ತು ತೆಗೆಯಬೇಕಾದೀತು ಎಂದು ಅವಳಿಗೆ ಗೊತ್ತಿತ್ತು. ನಮಗೆ ಹೇಳಿದ್ದು ಒಂದೇ ಸಲ. ಆಮೇಲೆ ದಿನಾ ಮುಂಜಾನೆ ಬಂದು ಸಾಬೂನು ಹಚ್ಚಿ ಅಕ್ಕನ ಕಾಲು ತೊಳೆಯತೊಡಗಿದಳು.

"ನಾ ಏನ್ ನೀರಿನ ಬ್ಯಾರಲ್ಲೇನ?" ಅವ್ವ ಸಿಟ್ಟಾದಳು.

"ಬ್ಯಾರಲ್ ಛಲೋ ಇತ್ತು. ಬಾಯಿ ಮಾಡ್ತಿದ್ದಿಲ್ಲ."

ಆಪರೇಷನ್ ದಿನ ಡಾಕ್ಟರರು ಹೊರಗೆ ಬಂದರು. ಒಂದು ಕಾಲಕ್ಕೆ ಇವಳಿಂದಲೇ ಬೈಸಿಕೊಂಡು ಕಲಿತವರು. "ಸಿಸ್ಟರ್, ಬಟ್ಟಿ ಬದಲಿಸಿ ಒಳಗ ಬರ್ರಿ. ಔಷಧ ನೀವ ಹಚ್ಚೀರಂತ" ಎಂದರು.

ಚಿಗವ್ವ ದಡಕ್ಕನೆ ಎದ್ದಳು. ಬಾಗಿಲವರೆಗೆ ಹೋಗಿ ನಿಂತುಬಿಟ್ಟಳು. ಎರಡೂ ಕೈ ಚಾಚಿ ತೋರಿಸಿದಳು. ನಡುಗುತ್ತಿದ್ದವು.

"ನಮ್ಮಕ್ಕ ಅದಾಳ್ರಿ. ನನ್ನ ಕಡೆಯಿಂದ ಆಗಂಗಿಲ್ಲ. ನೀವ ಹಚ್ರಿ."

ಬಾಗಿಲು ಮುಚ್ಚಿತು. ಊರ ಮಂದಿಗೆಲ್ಲ ನಡುಗದೆ ಔಷಧ ಹಚ್ಚಿದ ಆ ಕೈಗಳನ್ನು ಹಿಡಿದುಕೊಂಡು ಕುಳಿತೆ. ನನಗೆ ಅಳು ಬಂತು. ಅವ್ವ ಹೊರಗೆ ಬರುವವರೆಗೆ ನಾನು ಕೈ ಬಿಡಲಿಲ್ಲ, ಅವಳೂ ಬಿಡಿಸಿಕೊಳ್ಳಲಿಲ್ಲ.